ಗೇಮ್ ಶೋ ಟಿವಿ ಗೇಮ್ ತಗೊಳ್ಳುವ ಮುಂಚೆ: ಯಾವ ಶೋ ನಿಮ್ಮ ಮನೆಗೆ ಒಗ್ಗುತ್ತದೆ?

ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಮೊಮ್ಮಗ ಮೂವರೂ ಒಂದೇ ಸೋಫಾದ ಮೇಲೆ ಕೂತು ಕೊನೆಯವರೆಗೂ ಆಡಿದ ಟಿವಿ ಗೇಮ್ ಒಂದೇ ಒಂದು. ಅದರಲ್ಲಿ ಪ್ರಶ್ನೆಗಳೇ ಇಲ್ಲ. ಬರೀ ಸೂಟ್‌ಕೇಸುಗಳು, ಅಂಕಿಗಳು, ಆಗಾಗ ಬರುವ ಒಂದು ಫೋನು. ಹಾಸನದಿಂದ ಅಮ್ಮ ಬಂದು ಓಹಾಯೋದ ನಮ್ಮ ಮನೆಯಲ್ಲಿ ಒಂದು ಚಳಿಗಾಲ ಪೂರ್ತಿ ಇದ್ದರು. ಸಂಜೆ ಐದಕ್ಕೇ ಕತ್ತಲು, ಹೊರಗೆ ಹಿಮ. ಆಗ ಟಿವಿಯ ಗೇಮ್ ಶೋಗಳನ್ನು ಮನೆಯಲ್ಲೇ ಆಡಿಸುವ ಪ್ಲಗ್ ಅಂಡ್ ಪ್ಲೇ ಸೆಟ್ಟುಗಳನ್ನು ಒಂದೊಂದಾಗಿ ತಂದು ಆಡಿ ನೋಡಿದೆವು. ಕೆಲವು ವಾರ ಕಳೆಯುವುದರೊಳಗೆ ಅಟ್ಟ ಸೇರಿದವು. ಒಂದೆರಡು ಇವತ್ತಿಗೂ ಟಿವಿ ಪಕ್ಕದಲ್ಲೇ ಇವೆ. ಯಾಕೆ ಹೀಗಾಯಿತು ಅನ್ನುವುದು ಗೊತ್ತಿದ್ದರೆ ನಿಮ್ಮ ದುಡ್ಡು ಉಳಿಯುತ್ತದೆ.

ಪ್ಲಗ್ ಅಂಡ್ ಪ್ಲೇ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಚಿಕ್ಕಂದಿನಲ್ಲಿ ಟಿವಿ ಹಿಂದೆ ಹಳದಿ ಪಿನ್ ಚುಚ್ಚಿ ಮಾರಿಯೋ, ಕಾಂಟ್ರಾ ಆಡಿದ್ದೀರಲ್ವಾ? ಅದೇ ಜಾತಿ. ಆದರೆ ಇದಕ್ಕೆ ಕ್ಯಾಸೆಟ್ ಇಲ್ಲ. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಒಳಗಿನ ಚಿಪ್‌ನಲ್ಲೇ ಆಟ ಇರುತ್ತದೆ. ಸೆಲ್ ಹಾಕಿ, ವೈರ್ ಚುಚ್ಚಿ, ಆಡಿ. 2000ದ ದಶಕದಲ್ಲಿ ಅಮೆರಿಕದಲ್ಲಿ ಇವು ಜೋರಾಗಿ ನಡೆದವು. ಜ್ಯಾಕ್ಸ್ ಪೆಸಿಫಿಕ್ ಎಂಬ ಆಟಿಕೆ ಕಂಪನಿ ಅಟಾರಿ ಎಂಬ ವಿಡಿಯೊ ಗೇಮ್ ಕಂಪನಿಯ ಹಳೆಯ ಆಟಗಳನ್ನು ಒಂದು ಜಾಯ್‌ಸ್ಟಿಕ್ಕಿಗೆ ತುಂಬಿ ಮಾರಿತು. ವೀಲ್ ಆಫ್ ಫಾರ್ಚೂನ್ ಶೋವನ್ನೂ ಇದೇ ರೂಪದಲ್ಲಿ ತಂದಿತು. ಈಗ ಇವು ಹೆಚ್ಚಾಗಿ ಸಿಗುವುದು ಗರಾಜ್ ಸೇಲ್ (ಮನೆಯವರೇ ಹಳೆಯ ಸಾಮಾನು ಮಾರುವುದು), ಥ್ರಿಫ್ಟ್ ಅಂಗಡಿ (ಬಳಸಿದ ವಸ್ತುಗಳ ಅಂಗಡಿ), ಇಲ್ಲವೇ ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮಾರುವವರ ಹತ್ತಿರ.

ಎಲ್ಲ ಶೋಗಳೂ ಎಲ್ಲ ರೂಪದಲ್ಲಿ ಸಿಗುವುದಿಲ್ಲ. ಒಂದು ಡಿವಿಡಿಯಲ್ಲಿ ಇರುತ್ತದೆ, ಇನ್ನೊಂದು ಪ್ಲೇಸ್ಟೇಷನ್ ಥರದ ಗೇಮ್ ಕನ್ಸೋಲ್‌ನಲ್ಲಿ. ಅದಕ್ಕೇ ಮೊದಲು ಶೋ ಆರಿಸಿ, ಯಂತ್ರವನ್ನು ಆಮೇಲೆ ಹುಡುಕಿ ಅನ್ನುತ್ತೇನೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಟಿವಿಯಲ್ಲಿ ಯಾವ ಶೋ ಇಷ್ಟವೋ ಅದರ ಆಟವನ್ನೇ ತರುತ್ತಾರೆ. ನೋಡಲು ಚೆಂದ ಇರುವ ಶೋ ಆಡಲೂ ಚೆಂದ ಇರಬೇಕು ಅಂತೇನಿಲ್ಲ.

ಮೂರು ವಿಷಯ ನೋಡಿ. ಚಿಪ್ ಒಳಗೆ ಹೊಸ ಪ್ರಶ್ನೆ ಬರುವುದಿಲ್ಲ. ಕಾರ್ಖಾನೆಯಿಂದ ಹೊರಟ ದಿನ ಎಷ್ಟಿತ್ತೋ ಅಷ್ಟೇ. ಹಾಗಾಗಿ ಆಟದ ಸ್ವಾರಸ್ಯ ಪ್ರಶ್ನೆಯಲ್ಲಿದ್ದರೆ ಅದು ಬೇಗ ಖಾಲಿಯಾಗುತ್ತದೆ. ಎರಡನೆಯದು, ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಂಟ್ರೋಲರ್. ಸರದಿಯ ಪ್ರಕಾರ ಆಡುವ ಶೋ ಆದರೆ ಕೈಯಿಂದ ಕೈಗೆ ದಾಟಿಸಬಹುದು. ಯಾರು ಮೊದಲು ಬಜರ್ ಒತ್ತುತ್ತಾರೆ ಅನ್ನುವ ಶೋ ಆದರೆ ಕಷ್ಟ. ಮೂರನೆಯದು ಭಾಷೆ. ಈ ಆಟಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಬರೀ ಅಂಕಿ ಓದಿದರೆ ಸಾಕಾ, ಅಥವಾ ಅಮೆರಿಕದಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತಿರುವ ನುಡಿಗಟ್ಟು ಬೇಕಾ?

ಡೀಲ್ ಆರ್ ನೋ ಡೀಲ್

ಅಜ್ಜಿ ಇರುವ ಮನೆಗೆ ನನ್ನ ಮೊದಲ ಆಯ್ಕೆ ಇದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಆಟ. ಅಮೆರಿಕದ ಎನ್‌ಬಿಸಿ ವಾಹಿನಿಗೆ 2005ರ ಡಿಸೆಂಬರ್‌ನಲ್ಲಿ ಬಂತು, ನಡೆಸಿಕೊಟ್ಟವರು ಹೋವಿ ಮ್ಯಾಂಡೆಲ್. ಒಟ್ಟು 26 ಸೂಟ್‌ಕೇಸು. ಒಂದು ಸೆಂಟಿನಿಂದ ಹಿಡಿದು ಹತ್ತು ಲಕ್ಷ ಡಾಲರ್‌ವರೆಗೆ ಒಂದೊಂದರಲ್ಲಿ ಒಂದೊಂದು ಮೊತ್ತ. ನಿಮ್ಮದು ಅಂತ ಒಂದನ್ನು ಇಟ್ಟುಕೊಳ್ಳುತ್ತೀರಿ. ಮೊದಲ ಸುತ್ತಿನಲ್ಲಿ ಆರು, ಆಮೇಲೆ ಐದು, ನಾಲ್ಕು, ಮೂರು ಹೀಗೆ ಉಳಿದವನ್ನು ತೆರೆಯುತ್ತಾ ಹೋಗುತ್ತೀರಿ. ಪ್ರತಿ ಸುತ್ತು ಮುಗಿದಾಗ ಬ್ಯಾಂಕರ್ ಫೋನ್ ಮಾಡಿ ಇಷ್ಟು ಕೊಡುತ್ತೇನೆ, ಬಿಟ್ಟು ಹೋಗು ಅನ್ನುತ್ತಾನೆ. ಒಪ್ಪಿದರೆ ಡೀಲ್, ಬೇಡ ಅಂದರೆ ನೋ ಡೀಲ್.

ಇಲ್ಲಿ ಪ್ರಶ್ನೆಗಳ ದಾಸ್ತಾನು ಬೇಕಿಲ್ಲ. ಪ್ರತಿ ಸಲ ಮೊತ್ತಗಳು ಬೇರೆ ಬೇರೆ ಪೆಟ್ಟಿಗೆಗೆ ಹೋಗುತ್ತವೆ, ಆಟ ಹೊಸದಾಗುತ್ತದೆ. ಚಿಪ್ ಎಷ್ಟೇ ಹಳೆಯದಿರಲಿ ನಷ್ಟವಿಲ್ಲ. ಒಂದೇ ಕಂಟ್ರೋಲರ್ ಸಾಕು. ಓದಬೇಕಾದ್ದು ಅಂಕಿ ಮಾತ್ರ.

ಮಕ್ಕಳಿಗೆ ಸರಾಸರಿ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಶುರುವಿನಲ್ಲಿ 26 ಮೊತ್ತಗಳ ಸರಾಸರಿ ಸುಮಾರು 1,31,478 ಡಾಲರ್. ಬ್ಯಾಂಕರ್ ಮೊದಮೊದಲು ಕೊಡುವುದು ಸರಾಸರಿಗಿಂತ ತುಂಬಾ ಕಡಿಮೆ. ಒಂದು ಸಲ ನಮ್ಮ ಪುಟ್ಟನ ಮುಂದೆ ನಾಲ್ಕು ಮೊತ್ತ ಉಳಿದಿದ್ದವು: 5, 1,000, 50,000, 1,00,000. ಬೆರಳು ಮಡಿಸಿ, ಕಾಗದದ ಮೇಲೆ ಭಾಗಾಕಾರ ಮಾಡಿ, ಸರಾಸರಿ ಸುಮಾರು 37,750 ಅಂದ. ಬ್ಯಾಂಕರ್ ಹೇಳಿದ್ದು ಅದಕ್ಕಿಂತ ಕಡಿಮೆ. ಬೇಡ ಅನ್ನಲು ಹೊರಟವನನ್ನು ಅಮ್ಮ ತಡೆದರು. "ಕೈಗೆ ಬಂದದ್ದು ಬಿಡಬಾರದು ಕಣೋ. ಅರ್ಧ ಪೆಟ್ಟಿಗೇಲಿ ಏನೂ ಇಲ್ಲ, ನೋಡು." ಪುಟ್ಟ ಹೇಳಿದ್ದು ಗಣಿತ. ಅಮ್ಮ ಹೇಳಿದ್ದು ಸಂಸಾರ ನಡೆಸಿದವರ ಲೆಕ್ಕ. ನಾಲ್ಕರಲ್ಲಿ ಎರಡು ಪೆಟ್ಟಿಗೆ ಬರೀ ಚಿಲ್ಲರೆ ಅನ್ನುವುದೂ ನಿಜವೇ. ಆ ವಾದ ಊಟದ ಹೊತ್ತಿನವರೆಗೂ ನಡೆಯಿತು. ಒಂದು ಆಟಿಕೆಯಿಂದ ಇಷ್ಟು ಬಂದರೆ ಇನ್ನೇನು ಬೇಕು?

ಕೊಳ್ಳುವಾಗ ಯಾವ ದೇಶದ್ದು ಅಂತ ನೋಡಿ. ಬ್ರಿಟನ್ನಿನ ಹಳೆಯ ಶೋನಲ್ಲಿ (2005–2016) 22 ಪೆಟ್ಟಿಗೆ, ಒಂದು ಪೆನ್ನಿಯಿಂದ ಎರಡೂವರೆ ಲಕ್ಷ ಪೌಂಡ್‌ವರೆಗೆ ಇತ್ತು. ಲಂಡನ್‌ನಿಂದ ಯಾರೋ ತಂದುಕೊಟ್ಟ ಸೆಟ್ಟಿನಲ್ಲಿ ಅಮೆರಿಕದ ಹತ್ತು ಲಕ್ಷ ಹುಡುಕಬೇಡಿ. ಆಟದ ರುಚಿ ಎರಡರಲ್ಲೂ ಒಂದೇ.

ಇದರ ಕೊರತೆಯನ್ನೂ ಹೇಳಬೇಕು. ಮನೆಯಲ್ಲಿ ನಿಜವಾದ ದುಡ್ಡಿಲ್ಲ, ಹಾಗಾಗಿ ಮಕ್ಕಳು ಯಾವಾಗಲೂ ನೋ ಡೀಲ್ ಅಂತಲೇ ಒತ್ತುತ್ತಾರೆ. ನಾವು ಹುಣಸೆ ಬೀಜ ಇಟ್ಟೆವು. ಗೆದ್ದ ಪ್ರತಿ ಸಾವಿರ ಡಾಲರಿಗೆ ಒಂದು ಬೀಜ, ವಾರದ ಕೊನೆಗೆ ಜಾಸ್ತಿ ಬೀಜ ಇದ್ದವರು ಹೇಳಿದ ತಿಂಡಿ. ಆಮೇಲೆ ಎಲ್ಲರೂ ಎರಡೆರಡು ಸಲ ಯೋಚಿಸತೊಡಗಿದರು.

ವೀಲ್ ಆಫ್ ಫಾರ್ಚೂನ್

ಮನೆಯಲ್ಲಿ ಎಂಟರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿದ್ದರೆ ಇದನ್ನು ಮೊದಲು ಇಡಿ. ಮರ್ವ್ ಗ್ರಿಫಿನ್ ಕಟ್ಟಿದ ಶೋ, 1975ರ ಜನವರಿಯಲ್ಲಿ ಶುರುವಾಯಿತು. ಪ್ಯಾಟ್ ಸೇಜಕ್ ನಾಲ್ಕು ದಶಕ ನಡೆಸಿ 2024ರಲ್ಲಿ ನಿವೃತ್ತರಾದರು, ಈಗ ರಯಾನ್ ಸೀಕ್ರೆಸ್ಟ್. ಇಲ್ಲಿನ ನಮ್ಮವರ ಮನೆಗಳಲ್ಲಿ ಸಂಜೆ ಊಟದ ಹೊತ್ತಿಗೆ ಇದು ಓಡುತ್ತಲೇ ಇರುತ್ತದೆ. ಪರದೆಯ ಮೇಲೆ ಅಕ್ಷರ ಮುಚ್ಚಿಟ್ಟ ಪದ ಅಥವಾ ವಾಕ್ಯವನ್ನು ಊಹಿಸುವ ಆಟ. ಚಕ್ರ ತಿರುಗಿಸಿ ವ್ಯಂಜನ ಹೇಳಬೇಕು, ಸ್ವರ ಬೇಕಾದರೆ 250 ಡಾಲರ್ ಕೊಟ್ಟು ಕೊಳ್ಳಬೇಕು. ಬ್ಯಾಂಕ್‌ರಪ್ಟ್ (ದಿವಾಳಿ) ಅನ್ನುವ ಮನೆಯ ಮೇಲೆ ಚಕ್ರ ನಿಂತರೆ ಆ ಸುತ್ತಿನಲ್ಲಿ ಕೂಡಿಟ್ಟ ದುಡ್ಡೆಲ್ಲ ಹೋಯಿತು.

ಒಂದೇ ಕಂಟ್ರೋಲರಿಗೆ ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಎಲ್ಲವೂ ಸರದಿ. ಪದಗಳು ಖಾಲಿಯಾಗುತ್ತವೆ ನಿಜ, ಆದರೆ ಪ್ರಶ್ನೋತ್ತರದಷ್ಟು ಬೇಗ ಹಳಸುವುದಿಲ್ಲ. ಎರಡನೇ ಸಲ ಬಂದ ವಾಕ್ಯವನ್ನು ಮೂರು ಅಕ್ಷರ ಕಾಣುವವರೆಗೂ ಗುರುತಿಸಲು ಆಗುವುದಿಲ್ಲ. ಅಷ್ಟರಲ್ಲಿ ಚಕ್ರ ಯಾರದ್ದಾದರೂ ದುಡ್ಡು ನುಂಗಿರುತ್ತದೆ. ಬೋನಸ್ ಸುತ್ತಿನಲ್ಲಿ ಆರ್, ಎಸ್, ಟಿ, ಎಲ್, ಎನ್, ಇ ಈ ಆರು ಅಕ್ಷರ ಪುಕ್ಕಟೆ ಕೊಡುತ್ತಾರಲ್ವಾ, ಯಾಕೆ ಇವೇ ಅಂತ ಮಗ ಕೇಳಿದ. ಇಂಗ್ಲಿಷ್‌ನಲ್ಲಿ ಪದೇ ಪದೇ ಬರುವ ಅಕ್ಷರಗಳು ಅಂತ ಒಂದು ಪುಟ ಓದಿ ಎಣಿಸಿ ತೋರಿಸಿದೆ. ಮಾರನೆಯ ದಿನದಿಂದ ಅವನು ಕ್ಯೂ, ಜೆಡ್ ಹೇಳುವುದನ್ನು ಬಿಟ್ಟ.

ಅಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. ಅಕ್ಷರ ಗೊತ್ತು, ಸ್ಪೆಲ್ಲಿಂಗ್ ಗೊತ್ತಿಲ್ಲ. ಅಮೆರಿಕದ ಗಾದೆ, ಅಡ್ಡಹೆಸರು, ಊರಿನ ಹೆಸರು ಮೊದಲೇ ಗೊತ್ತಿಲ್ಲ. ಹಾಗಾಗಿ ಒಂದು ರಾತ್ರಿ ಟಿವಿ ಆರಿಸಿ, ಕಾಗದದ ಮೇಲೆ ಕನ್ನಡದಲ್ಲೇ ಆಡಿದೆವು. ಕನ್ನಡದಲ್ಲಿ ಸ್ವರ ವ್ಯಂಜನದ ಮೈಮೇಲೇ ಕೂತಿರುತ್ತದೆ, ಬೇರೆ ಮನೆ ಅದಕ್ಕಿಲ್ಲ. "ಕ" ಕೇಳಿದರೆ "ಕಿ", "ಕೋ" ಎಲ್ಲ ತೋರಿಸಬೇಕಾ ಅಂತ ಜಗಳವಾಯಿತು. ಕೊನೆಗೆ ಕಾಗುಣಿತವನ್ನೇ ಮುಚ್ಚಿಟ್ಟೆವು. ಮೂಲ ಅಕ್ಷರ ಮಾತ್ರ ಬರೆಯುವುದು, ದೀರ್ಘ, ಗುಡಿಸು, ಕೊಂಬು ಇವನ್ನು ಹುಣಸೆ ಬೀಜ ಕೊಟ್ಟು ಕೊಳ್ಳುವುದು. "ಕ ಕಸರದರ ಬಯ ಮಸರ" ಅಂತ ಬರೆದು ತೋರಿಸಿದೆ. ಮಗ ಕಣ್ಣು ಬಿಟ್ಟ. ಅಮ್ಮ ಒಂದು ಬೀಜವನ್ನೂ ಕೊಡದೆ "ಕೈ ಕೆಸರಾದರೆ ಬಾಯಿ ಮೊಸರು" ಅಂದರು. ವೀಲ್ ಆಫ್ ಫಾರ್ಚೂನ್ ಸೆಟ್ ತಂದರೆ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಡಿ. ಇಂಗ್ಲಿಷ್ ಬಾರದವರಿಗೆ ಆಗ ಅನ್ಯಾಯವಾಗುವುದಿಲ್ಲ.

ಪ್ರಶ್ನೆ ಕೇಳುವ ಶೋಗಳು

ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್ ನಮಗೆಲ್ಲ ಮನೆಯದೇ ಅನ್ನಿಸುತ್ತದೆ. ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1998ರಲ್ಲಿ ಶುರು, 2000ದಲ್ಲಿ ಅಮಿತಾಭ್ ಬಚ್ಚನ್ ಅವರ ಹಿಂದಿ ಶೋ, 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕನ್ನಡದ ಕೋಟ್ಯಾಧಿಪತಿ. ಅಪ್ಪು ಎದುರಿಗೆ ಕೂತವರ ಜೊತೆ ಮನೆ ಮಗನಂತೆ ಮಾತಾಡುತ್ತಿದ್ದುದೇ ಆ ಶೋನ ಜೀವವಾಗಿತ್ತು. ಚಿಪ್‌ನಲ್ಲಿ ಅದು ಬರುವುದಿಲ್ಲ, ಯಾವ ಭಾಷೆಯದ್ದೇ ಆಗಲಿ.

ಆದರೆ ದೊಡ್ಡ ತೊಂದರೆ ಬೇರೆ. ಪ್ರತಿ ಆಟವೂ ಮೊದಲ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಹದಿನೈದನೇ ಪ್ರಶ್ನೆಯವರೆಗೆ ಹೋಗುವವರು ಅಪರೂಪ. ಹಾಗಾಗಿ ಸುಲಭದ ಪ್ರಶ್ನೆಗಳೇ ಮತ್ತೆ ಮತ್ತೆ ಖರ್ಚಾಗುತ್ತವೆ. ಕಷ್ಟದವು ಒಳಗೇ ಉಳಿಯುತ್ತವೆ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪ್ರಶ್ನೆ ಅಂತ ಬರೆದಿದ್ದರೂ, ಮೊದಲ ಐದು ಮೆಟ್ಟಿಲಿಗೆ ಎಷ್ಟು ಅಂತ ಯೋಚಿಸಿ. ಮಕ್ಕಳು ಎರಡು ವಾರದಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ.

ಲೈಫ್‌ಲೈನ್‌ಗಳಲ್ಲೂ ಹೀಗೇ. ಪ್ರೇಕ್ಷಕರ ಅಭಿಪ್ರಾಯದ ಪಟ್ಟಿಯನ್ನು ಚಿಪ್ ತಾನೇ ಹುಟ್ಟಿಸಿ ತೋರಿಸುತ್ತದೆ, ಅಲ್ಲಿ ಜನ ಯಾರೂ ಇಲ್ಲ. ನಾವು ಫೋನ್ ಲೈಫ್‌ಲೈನನ್ನು ನಿಜವಾಗಿಯೇ ಬಳಸಿದೆವು. ಶಿವಮೊಗ್ಗದ ಚಿಕ್ಕಪ್ಪನಿಗೆ ಫೋನ್ ಹಚ್ಚಿ ಮೂವತ್ತು ಸೆಕೆಂಡು ಎಣಿಸಿದೆವು. ಇಲ್ಲಿ ಚಳಿಗಾಲದ ರಾತ್ರಿ ಎಂಟು ಅಂದರೆ ಅಲ್ಲಿ ಬೆಳಗ್ಗೆ ಆರೂವರೆ, ಚಿಕ್ಕಪ್ಪ ಕಾಫಿ ಲೋಟ ಹಿಡಿದೇ ಉತ್ತರ ಹೇಳಿದರು. ಸೆಟ್ ಕೈಗೆ ಬಂದರೆ ಹೀಗೆ ಆಡಿ. ಆದರೂ ಹುಡುಕಿಕೊಂಡು ಹೋಗಿ ಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಜಿಯೊಪರ್ಡಿ ಎಂಬ ಅಮೆರಿಕದ ಕ್ವಿಜ್ ಶೋನ ಲೆಕ್ಕ ಇನ್ನೂ ಕಠಿಣ. ಒಂದು ಸುತ್ತಿಗೆ ಆರು ವಿಷಯ, ವಿಷಯಕ್ಕೆ ಐದು ಸುಳಿವು. ಎರಡು ಸುತ್ತು ಮತ್ತು ಕೊನೆಯದೊಂದು ಸೇರಿ ಒಂದು ಪೂರ್ತಿ ಆಟಕ್ಕೆ 61 ಸುಳಿವು. ವಾರಕ್ಕೊಂದು ಆಟ ಅಂದರೂ ವರ್ಷಕ್ಕೆ 3,172. ಒಂದು ಹಳೆಯ ಚಿಪ್ ಇದನ್ನು ಎಷ್ಟು ದಿನ ತಡೆದೀತು? ಜೊತೆಗೆ ಇದು ಬಜರಿನ ಆಟ. ಮೂವರ ಕೈಯಲ್ಲೂ ಬಟನ್ ಇರಬೇಕು. ಅಲೆಕ್ಸ್ ಟ್ರೆಬೆಕ್ 1984ರಿಂದ 2020ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ಈ ಶೋ ನೋಡಲು ನನಗೆ ಪ್ರಾಣ. ಆಡುವುದಾದರೆ ಇದಕ್ಕೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗೆ ಯೂಬಿಸಾಫ್ಟ್ 2017ರಲ್ಲಿ ತಂದಂಥ ಕನ್ಸೋಲ್ ಆಟವೇ ಸರಿ. ಒಬ್ಬೊಬ್ಬರಿಗೂ ಒಂದೊಂದು ಕಂಟ್ರೋಲರ್ ಕೊಡಬಹುದು.

ಫ್ಯಾಮಿಲಿ ಫ್ಯೂಡ್ ಅಂದರೆ ಸಮೀಕ್ಷೆಯಲ್ಲಿ ನೂರು ಜನ ಕೊಟ್ಟ ಉತ್ತರಗಳನ್ನು ಊಹಿಸುವ ಆಟ. ಪುನೀತ್ ಅವರೇ ಕಲರ್ಸ್ ಕನ್ನಡದಲ್ಲಿ ನಡೆಸಿದ ಫ್ಯಾಮಿಲಿ ಪವರ್ ನೋಡಿದವರಿಗೆ ಇದರ ವರಸೆ ಗೊತ್ತು. ಇದರ ಯಂತ್ರದ ರೂಪ ನನಗೆ ಯಾವತ್ತೂ ತೃಪ್ತಿ ಕೊಟ್ಟಿಲ್ಲ. ಬಾಯಲ್ಲಿ ಹೇಳಿದ ಉತ್ತರವನ್ನು ಬಟನ್ ಒತ್ತಿ ಒಂದೊಂದೇ ಅಕ್ಷರವಾಗಿ ತುಂಬಿಸಬೇಕು. ಅಷ್ಟರಲ್ಲಿ ನಗು ಆರಿಹೋಗುತ್ತದೆ. ಉತ್ತರಗಳೂ ಅಮೆರಿಕದವರ ಮನೆಯವು. ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ ಅಂದರೆ ಅಮ್ಮ ಬಾಗಿಲಿಗೆ ನೀರು ಹಾಕುತ್ತೇನೆ ಅನ್ನುತ್ತಾರೆ. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಇದಕ್ಕೆ ಕಾರ್ಡಿನ ಆಟವೇ ಮೇಲು. ಒಬ್ಬರು ಓದುತ್ತಾರೆ, ಉಳಿದವರು ಕೂಗುತ್ತಾರೆ, ಹತ್ತಿರದ ಉತ್ತರವನ್ನು ಓದುವವರೇ ಒಪ್ಪಿಕೊಳ್ಳಬಹುದು.

ದಿ ಪ್ರೈಸ್ ಈಸ್ ರೈಟ್ ಬಗ್ಗೆ ಒಂದೇ ಮಾತು. ಬೆಲೆ ಊಹಿಸುವ ಆಟದಲ್ಲಿ ಬೆಲೆ ಹಳೆಯದಾದರೆ ಆಟವೂ ಹಳೆಯದು. ಹದಿನೈದು ಇಪ್ಪತ್ತು ವರ್ಷದ ಹಿಂದಿನ ಸೋಪು, ಸೀರಿಯಲ್ ಬೆಲೆ ಈಗ ಹೇಳಿದರೆ ತಪ್ಪಾಗುತ್ತದೆ. ಪ್ಲಿಂಕೋ ಥರದ ಬಿಲ್ಲೆ ಉರುಳಿಸುವ ಅದೃಷ್ಟದ ಆಟಗಳು ಮಾತ್ರ ಯಾವ ಕಾಲಕ್ಕೂ ಸಲ್ಲುತ್ತವೆ.

ವೈರು, ಸೆಲ್ಲು, ಟಿವಿ

ಶೋ ಆರಿಸಿದ ಮೇಲೆ ಇದನ್ನು ನೋಡಿ. ಪ್ಲಗ್ ಅಂಡ್ ಪ್ಲೇ ಸೆಟ್ಟಿನಲ್ಲಿ ಸಾಮಾನ್ಯವಾಗಿ ಹಳದಿ ಪಿನ್ ಚಿತ್ರಕ್ಕೆ, ಬಿಳಿ ಪಿನ್ ಶಬ್ದಕ್ಕೆ. ನಿಮ್ಮ ಟಿವಿಯಲ್ಲಿ ಹಳದಿ ತೂತು ಇದೆಯಾ ಅಂತ ಮೊದಲು ಹಿಂದೆ ಬಗ್ಗಿ ನೋಡಿ. ಹೊಸ ಟಿವಿಗಳಲ್ಲಿ ಬರೀ ಎಚ್‌ಡಿಎಂಐ ಇರುವುದೇ ಜಾಸ್ತಿ. ಆಗ ಎವಿಯಿಂದ (ಅಂದರೆ ಈ ಹಳದಿ, ಬಿಳಿ ಪಿನ್ನುಗಳಿಂದ) ಎಚ್‌ಡಿಎಂಐಗೆ ಬದಲಾಯಿಸುವ ಪುಟ್ಟ ಕನ್ವರ್ಟರ್ ಬೇಕು. ಕೇಳುವಾಗ ದಿಕ್ಕು ಸರಿಯಾಗಿ ಹೇಳಿ. ಎಚ್‌ಡಿಎಂಐಯಿಂದ ಎವಿಗೆ ಹೋಗುವುದೂ ಸಿಗುತ್ತದೆ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಿತ್ರ ಅಡ್ಡಡ್ಡ ಎಳೆದಂತೆ ಕಂಡರೆ ಟಿವಿ ಸೆಟ್ಟಿಂಗ್‌ನಲ್ಲಿ 4:3 ಮಾಡಿ.

ಅಮೆರಿಕದ ಸೆಟ್ಟನ್ನು ಊರಿಗೆ ಒಯ್ಯುವವರಿಗೆ ಇನ್ನೊಂದು ಮಾತು. ಟಿವಿ ಸಿಗ್ನಲ್ ಪದ್ಧತಿ ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮ ದೇಶದ್ದು ಪಾಲ್. ಈಗಿನ ಎಲ್‌ಇಡಿ ಟಿವಿಗಳು ಹೆಚ್ಚಾಗಿ ಎರಡನ್ನೂ ಹಿಡಿಯುತ್ತವೆ. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಬಹುದು, ಇಲ್ಲವೇ ಉರುಳಬಹುದು. ಜೊತೆಗೆ ಅಡಾಪ್ಟರ್ ಕೊಟ್ಟಿದ್ದರೆ ಅದರ ಮೇಲೆ ಬರೆದಿರುವುದನ್ನು ಓದಿ. ಬರೀ 120 ವೋಲ್ಟ್ ಅಂತ ಇದ್ದರೆ ಊರಿನ 230 ವೋಲ್ಟಿಗೆ ಹಾಕಲೇಬೇಡಿ, ಸುಟ್ಟು ಹೋಗುತ್ತದೆ. ಪೆನ್ಸಿಲ್ ಸೆಲ್ಲಿನಲ್ಲಿ ಆಡಿದರೆ ಈ ತಲೆನೋವೇ ಇಲ್ಲ. ರೀಚಾರ್ಜ್ ಸೆಲ್ 1.2 ವೋಲ್ಟ್, ಮಾಮೂಲಿ ಸೆಲ್ 1.5. ಕೆಲವು ಸೆಟ್ಟುಗಳು ರೀಚಾರ್ಜ್ ಸೆಲ್ಲಿನಲ್ಲಿ ಆಟದ ಮಧ್ಯೆಯೇ ಆಫ್ ಆಗುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸೆಲ್ ಹಾಕುವ ಗೂಡಿನ ಫೋಟೋ ಕೇಳಿ. ನಾನು ಕೇಳದೆ ಒಂದು ಸಲ ತರಿಸಿದೆ. ಮಾರಿದವರು ಚೆನ್ನಾಗಿ ಓಡುತ್ತದೆ ಅಂದಿದ್ದರು. ಮುಚ್ಚಳ ತೆಗೆದರೆ ಒಳಗೆ ಸೆಲ್ ಸೋರಿ ಸ್ಪ್ರಿಂಗ್ ಮೇಲೆಲ್ಲ ಹಸಿರು, ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ. ಹತ್ತಿಯನ್ನು ವಿನೆಗರ್ ಅಥವಾ ನಿಂಬೆ ರಸದಲ್ಲಿ ಅದ್ದಿ ಉಜ್ಜಿದರೆ ಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಪೂರ್ತಿ ಒಣಗಿದ ಮೇಲೆ ಮಾತ್ರ ಹೊಸ ಸೆಲ್ ಹಾಕಿ. ನನ್ನದು ಹೀಗೆ ಮಾಡಿದ ಮೇಲೆ ಓಡಿತು. ಸ್ಪ್ರಿಂಗೇ ತುಂಡಾಗಿದ್ದರೆ ಬೆಸುಗೆ ಬೇಕು, ಅಂಥದ್ದನ್ನು ತಗೊಳ್ಳಬೇಡಿ. ಆಟ ಮುಗಿದ ಮೇಲೆ ಸೆಲ್ ತೆಗೆದಿಡುವುದನ್ನು ಮನೆಯವರಿಗೆಲ್ಲ ಅಭ್ಯಾಸ ಮಾಡಿಸಿ.

ಡಿವಿಡಿ ರೂಪದ ಆಟ ಸಿಕ್ಕರೆ ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರಿಗೆ ಅನ್ನುವ ಸಂಖ್ಯೆ. ಅಮೆರಿಕದ ಡಿಸ್ಕ್ ರೀಜನ್ 1, ನಮ್ಮದು 5. ಪ್ರತಿ ಬಟನ್ ಒತ್ತಿದ ಮೇಲೂ ಪ್ಲೇಯರ್ ಸ್ವಲ್ಪ ತಡೆಯುತ್ತದೆ. ಡೀಲ್ ಆರ್ ನೋ ಡೀಲ್‌ಗೆ ಆ ತಡವೇ ಕುತೂಹಲ ಹೆಚ್ಚಿಸುತ್ತದೆ. ಬೇಗ ಬೇಗ ಓಡಬೇಕಾದ ಆಟಕ್ಕೆ ಬೇಸರ ತರಿಸುತ್ತದೆ.

ಹಿರಿಯರು, ಮಕ್ಕಳು ಇಬ್ಬರೂ ಇರುವ ಮನೆಗೆ ಡೀಲ್ ಆರ್ ನೋ ಡೀಲ್, ಪ್ಲಗ್ ಅಂಡ್ ಪ್ಲೇ ಸಿಗದಿದ್ದರೆ ಡಿವಿಡಿ. ಇಂಗ್ಲಿಷ್ ಕಲಿಯುವ ವಯಸ್ಸಿನ ಮಕ್ಕಳಿಗೆ ವೀಲ್ ಆಫ್ ಫಾರ್ಚೂನ್, ಜೊತೆಗೆ ಗಾದೆಯ ನೋಟ್‌ಬುಕ್. ಕಾಲೇಜು ಹುಡುಗರು ಸೇರುವ ಮನೆಗೆ ಜಿಯೊಪರ್ಡಿ, ಅದೂ ಕನ್ಸೋಲ್‌ನಲ್ಲಿ. ನಿಮ್ಮ ಕೈಯಲ್ಲಿ ಒಂದೇ ಸೆಟ್ಟಿಗೆ ದುಡ್ಡಿದ್ದು, ಅಪ್ಪ ಅಮ್ಮ ಮುಂದಿನ ತಿಂಗಳು ಬರುವವರಿದ್ದರೆ, ಸೂಟ್‌ಕೇಸಿನದ್ದನ್ನೇ ತಗೊಳ್ಳಿ. ಹುಣಸೆ ಬೀಜ ಅವರೇ ತರುತ್ತಾರೆ.